ಫೇಕ್ ಅಕೌಂಟಿನಿಂದ ಮಗುವಿಗೆ ಕೆಟ್ಟ ಮೆಸೇಜ್ ಬಂದರೆ

ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಸಾಕ್ಷಿಯೇ ಹೋಗುತ್ತದೆ. ಮೊದಲು ಯೂಸರ್‌ನೇಮ್ ಬರೆದುಕೊಳ್ಳಿ, ಚುಕ್ಕಿ, ಅಂಡರ್‌ಸ್ಕೋರ್ ಸಮೇತ. ಪ್ರೊಫೈಲಿನ ಹೆಸರು ನೂರು ಜನಕ್ಕಿರಬಹುದು, ಯೂಸರ್‌ನೇಮ್ ಒಬ್ಬರಿಗೇ. ಪ್ರೊಫೈಲ್ ಲಿಂಕ್, ದಿನಾಂಕ-ಸಮಯ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟ ಮೇಲೆಯೇ ರಿಪೋರ್ಟ್, ಬ್ಲಾಕ್. ಮಗುವಿನ ಅಶ್ಲೀಲ ಚಿತ್ರವಿದ್ದರೆ ಮನೆಯವರ ಗ್ರೂಪಿಗೂ ಕಳಿಸಬೇಡಿ, ಹಂಚುವುದೇ ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ.

ಸರ್ಕಾರದ ಸೈಬರ್ ಅಪರಾಧ ದೂರು ತಾಣವಾದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ (cybercrime.gov.in) ಇಂಥದ್ದಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಆಗ ದೂರು ಏನಾಯಿತೆಂದು ನೋಡಲಾಗದು. ನಿಮ್ಮದೇ ಮಗುವಾದರೆ ನಿಮ್ಮ ಹೆಸರು, ಮೊಬೈಲ್ ನಂಬರ್ ಕೊಟ್ಟೇ ದಾಖಲಿಸಿ. ಆ ಕಡೆಯವರು ಅಕೌಂಟ್ ಅಳಿಸಿದರೂ, 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದಂತೆ ಆ್ಯಪಿನ ಕಂಪನಿಯು ಅವರ ನೋಂದಣಿ ಮಾಹಿತಿಯನ್ನು 180 ದಿನ ಇಟ್ಟುಕೊಳ್ಳಬೇಕು. ಆಮೇಲೆ ಅದು ಸಿಗದೆ ಹೋಗಬಹುದು, ಅದಕ್ಕೇ ತಡಮಾಡುವುದು ಬೇಡ. ಮಗುವನ್ನು ಮಾತ್ರ ದಯವಿಟ್ಟು ಬೈಯಬೇಡಿ, ಮುಂದಿನ ಸಲ ಮುಚ್ಚಿಡುತ್ತದೆ. ಮಕ್ಕಳ ಸಹಾಯವಾಣಿ: 1098.