ಮೊದಲು ಲೈಸೆನ್ಸ್, ಜೊತೆಗೆ ಬಿ.ಕಾಂ.: ವಾಯುಪಡೆಯಿಂದ ಬಂದ ಮೇಲೆ ನಾನು ಪದವಿ ಆರಿಸಿಕೊಂಡ ಬಗೆ

ಮಂಡ್ಯದಲ್ಲಿ ವಿಜ್ಞಾನದ ಪಿಯುಸಿ ಮುಗಿಸಿ, 2002ರಲ್ಲಿ ಬೆಳಗಾವಿಯ ಸಾಂಬ್ರಾ ತರಬೇತಿ ಕೇಂದ್ರದ ಗೇಟಿನಲ್ಲಿ ಟ್ರಂಕು ಇಳಿಸಿದಾಗ ನನಗೆ 19 ವರ್ಷ. 2022ರಲ್ಲಿ ಸಾರ್ಜೆಂಟ್ ಆಗಿ ನಿವೃತ್ತನಾಗಿ ಊರಿಗೆ ಮರಳಿದಾಗ 39. ನಡುವಿನ ಇಪ್ಪತ್ತು ವರ್ಷಗಳ ಬಹುಪಾಲನ್ನು ನಾನು ಎಎನ್-32 ಸಾಗಣೆ ವಿಮಾನಗಳ ಏರ್‌ಫ್ರೇಮ್ ಫಿಟ್ಟರ್ ಆಗಿ, ಅಂದರೆ ವಿಮಾನದ ದೇಹಭಾಗದ ದುರಸ್ತಿಗಾರನಾಗಿ, ಕಳೆದಿದ್ದೆ. ಪಿಂಚಣಿ ಬರುತ್ತಿತ್ತು, ನಾಲೆಯ ಕೆಳಗೆ ಒಂದಿಷ್ಟು ಗದ್ದೆಯೂ ಇತ್ತು. ಆದರೂ ವಿಮಾನದ ಕೆಲಸ ಬಿಟ್ಟು ಕಬ್ಬಿನ ಲೆಕ್ಕ ನೋಡಿಕೊಂಡು ಇರಲು ಮನಸ್ಸು ಒಪ್ಪಲಿಲ್ಲ. ಓದುತ್ತೇನೆಂದು ಮನೆಯಲ್ಲಿ ಹೇಳಿದಾಗ ನನ್ನ ಬಾಮೈದ, "ಅಲ್ಲಾ ಕಣ್ ಭಾವ, ಇಪ್ಪತ್ ವರ್ಷ ಇಮಾನ ರಿಪೇರಿ ಮಾಡಿದೋರಿಗೆ ಇನ್ನು ಓದಾದೇನದೆ?" ಎಂದು ಕೇಳಿದ. ಆ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ನನಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು.

ನಾನು ಮೊದಲು ಎಡವಿದ್ದು ಪದವಿಗೆ ಸಮಾನವೆಂದು ಕೊಡುವ ಪ್ರಮಾಣಪತ್ರದ ವಿಷಯದಲ್ಲಿ. ಮೆಟ್ರಿಕ್ ಪಾಸಾಗಿ ಸೇನೆಯಲ್ಲಿ ಹದಿನೈದು ವರ್ಷಕ್ಕೆ ಕಡಿಮೆಯಿಲ್ಲದಂತೆ ದುಡಿದವರನ್ನು, ತಾಂತ್ರಿಕ ಅರ್ಹತೆ ಬೇಡದ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಮಟ್ಟಿಗೆ, ಪದವೀಧರರಂತೆ ಪರಿಗಣಿಸುವ ನಿಯಮವಿದೆ. ಆ ಕಾಗದ ಕೈಯಲ್ಲಿದೆಯಲ್ಲ, ಇನ್ನೇನು ಬೇಕು ಎಂದುಕೊಂಡು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಸಂದರ್ಶನಕ್ಕೆ ಹೋಗಿದ್ದೆ. ಅಲ್ಲಿನ ಮಾನವ ಸಂಪನ್ಮೂಲ ವಿಭಾಗದ ಹುಡುಗಿ ಅದನ್ನು ಎರಡೂ ಬದಿ ತಿರುಗಿಸಿ ನೋಡಿ, "ಸರ್, ಇದರಲ್ಲಿ ಯೂನಿವರ್ಸಿಟಿ ಹೆಸರೇ ಇಲ್ಲವಲ್ಲ" ಎಂದಳು. ಅವಳ ತಪ್ಪೇನೂ ಇರಲಿಲ್ಲ. ಆ ಪತ್ರ ಒಂದು ಬಗೆಯ ಸರ್ಕಾರಿ ನೌಕರಿಗೆ ಮಾತ್ರ ಬಾಗಿಲು ತೆರೆಯುತ್ತದೆ ಎಂಬುದನ್ನು ನಾನೇ ಓದಿಕೊಂಡಿರಲಿಲ್ಲ.

ಆಮೇಲೆ ಕಾಲೇಜುಗಳ ಸುತ್ತಾಟ ಶುರುವಾಯಿತು. ಏವಿಯೇಷನ್ ಬಿಬಿಎ ಕೊಡುವ ಒಂದು ಕಾಲೇಜಿನ ಕರಪತ್ರದ ಮುಖಪುಟದಲ್ಲಿ ಪೈಲಟ್ ಒಬ್ಬರ ನಗುಮುಖವಿತ್ತು. ಒಳಗಿನ ಪಠ್ಯಕ್ರಮ ನೋಡಿದರೆ ವಿಮಾನ ನಿಲ್ದಾಣದ ಆಡಳಿತ, ಸರಕು ಸಾಗಣೆ, ಟಿಕೆಟ್ ವ್ಯವಹಾರ. ನೆಲದ ಮೇಲಿನ ವ್ಯವಹಾರಕ್ಕೆ ಹೋಗುವ ಇಪ್ಪತ್ತರ ಹುಡುಗರಿಗೆ ಅದು ಸರಿಯಿರಬಹುದು. ಹಾರಾಟವೂ ಇಲ್ಲದ, ದುರಸ್ತಿಯೂ ಇಲ್ಲದ ಕೋರ್ಸಿಗೆ ಪೈಲಟ್ ಚಿತ್ರ ಹಾಕುವುದು ಮಾತ್ರ ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ಪೈಲಟ್ ಆಗಲು ಪದವಿಯೇ ಬೇಡ. ಭೌತಶಾಸ್ತ್ರ, ಗಣಿತ ಓದಿದ ಪಿಯುಸಿ, ವೈದ್ಯಕೀಯ ಅರ್ಹತೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆಗಳು ಮತ್ತು 200 ಗಂಟೆಗಳ ಹಾರಾಟ ಬೇಕು. ಆ ಗಂಟೆಗಳ ಖರ್ಚನ್ನು ಎರಡು ಮಕ್ಕಳ ತಂದೆ 39ನೇ ವಯಸ್ಸಿನಲ್ಲಿ ಲೆಕ್ಕ ಹಾಕಿದ ಮೇಲೆ ಆ ವಿಷಯ ಒಂದೇ ಸಂಜೆಗೆ ಮುಗಿಯಿತು. ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ವಾಯು ಸಂಚಾರ ನಿಯಂತ್ರಕರ ಹುದ್ದೆಗೆ ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ. ಅಥವಾ ಇಂಜಿನಿಯರಿಂಗ್ ಕೇಳುತ್ತಾರೆ, ಆದರೆ ಸಾಮಾನ್ಯ ವಯೋಮಿತಿ 27. ಏರೋನಾಟಿಕಲ್ ಇಂಜಿನಿಯರಿಂಗ್ ಮಾಡೋಣವೆಂದರೆ ಅದನ್ನು ದೂರಶಿಕ್ಷಣದಲ್ಲಿ ಓದಲು ಅವಕಾಶವಿಲ್ಲ. ನಾಲ್ಕು ವರ್ಷ ತರಗತಿಯಲ್ಲಿ ಕೂರಬೇಕು.

ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ನನಗೆ ತಡವಾಗಿ ಹೊಳೆಯಿತು. ವಾಯುಪಡೆಯಲ್ಲಿ ಪೈಪಿನ ಕಪ್ಲಿಂಗ್ ಬಿಗಿ ಮಾಡಿ, ಲಾಕ್ ವೈರ್ ಹಾಕಿ, ಅದರ ತುದಿಯನ್ನು ಒಳಕ್ಕೆ ಮಡಚಿ, ವಿಮಾನದ ನಿರ್ವಹಣಾ ದಾಖಲೆಯಾದ ಫಾರ್ಮ್ 700ರಲ್ಲಿ ಸಹಿ ಹಾಕಿದರೆ ಆ ಕೆಲಸಕ್ಕೆ ನಾನೇ ಹೊಣೆ. ನಾಗರಿಕ ವಿಮಾನದಲ್ಲಿಯೂ ಎಲ್ಲವೂ ನಿಂತಿರುವುದು ಸಹಿಯ ಮೇಲೆಯೇ, ಆದರೆ ವಿಮಾನವನ್ನು ಸೇವೆಗೆ ಬಿಡುಗಡೆ ಮಾಡುವ ಆ ಸಹಿಯ ಹಕ್ಕನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡುವುದಿಲ್ಲ. ಡಿಜಿಸಿಎ ಕೊಡುವ ವಿಮಾನ ನಿರ್ವಹಣಾ ಇಂಜಿನಿಯರ್ ಲೈಸೆನ್ಸ್ ಕೊಡುತ್ತದೆ. ಏರೋನಾಟಿಕಲ್ ಪದವಿ ಪಡೆದವರು ವಿನ್ಯಾಸದ ಕೆಲಸಕ್ಕೆ ಸಲ್ಲುತ್ತಾರೆ, ಹ್ಯಾಂಗರಿನಲ್ಲಿ ಲೈಸೆನ್ಸ್ ಇಲ್ಲದೆ ಅವರೂ ಸಹಿ ಹಾಕುವಂತಿಲ್ಲ. ಇದು ತಿಳಿದ ದಿನ ನನ್ನ ಪ್ರಶ್ನೆಯೇ ಬದಲಾಯಿತು. ಲೈಸೆನ್ಸ್ ಮೊದಲು, ಅದಕ್ಕೆ ಅಡ್ಡಬಾರದ ಪದವಿ ಯಾವುದು ಎಂದು ಹುಡುಕತೊಡಗಿದೆ.

ಟರ್ಬೈನ್ ಎಂಜಿನ್ ವಿಮಾನಗಳಿಗೆ ಸಂಬಂಧಿಸಿದ್ದು ಆ ಲೈಸೆನ್ಸಿನ ಬಿ1.1 ವಿಭಾಗ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿ ಕೋರ್ಸ್ ಮಾಡುವುದು ಒಂದು ದಾರಿ. ಅನುಭವದ ಆಧಾರದ ಮೇಲೆ ಮಾಡ್ಯೂಲ್ ಪರೀಕ್ಷೆಗಳನ್ನು, ಅಂದರೆ ವಿಷಯವಾರು ಪರೀಕ್ಷೆಗಳನ್ನು, ಒಂದೊಂದಾಗಿ ಬರೆಯುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. ಸೇನೆಯ ಅನುಭವ ಲೆಕ್ಕಕ್ಕೆ ಬರುತ್ತದೆ, ಆದರೆ ಅದರ ಮೇಲೆ ನಾಗರಿಕ ವಿಮಾನಗಳ ಅನುಭವವನ್ನೂ ಸೇರಿಸಬೇಕು. ಅದಕ್ಕಾಗಿ ಬೆಂಗಳೂರಿನ ದುರಸ್ತಿ ಸಂಸ್ಥೆಯೊಂದರಲ್ಲಿ, ಸಾರ್ಜೆಂಟ್‌ಗಿರಿಯನ್ನು ಮನೆಯಲ್ಲಿಟ್ಟು, ಟೆಕ್ನಿಷಿಯನ್ ಆಗಿ ಸೇರಿದೆ. ಇಪ್ಪತ್ತೈದರ ಇಂಜಿನಿಯರ್ ನನ್ನ ಕೆಲಸ ಪರೀಕ್ಷಿಸಿ ಸಹಿ ಹಾಕುವುದನ್ನು ನೋಡುತ್ತ ನಿಲ್ಲುವುದು ಮೊದಮೊದಲು ಕಷ್ಟವೇ ಆಗಿತ್ತು.

ನಿವೃತ್ತಿಗೆ ಮುಂಚೆ ನಾನು ಮಾಡಿದ ಒಂದೇ ಜಾಣತನವೆಂದರೆ, ಯಾವ ವಿಮಾನ, ಯಾವ ವ್ಯವಸ್ಥೆ, ಎಷ್ಟು ವರ್ಷ, ಯಾವ ಮಟ್ಟದ ದುರಸ್ತಿ ಎಂಬ ವಿವರಗಳೊಂದಿಗೆ ಯೂನಿಟ್ಟಿನಿಂದ ಅನುಭವ ಪತ್ರ ಬರೆಸಿಕೊಂಡು ಬಂದದ್ದು. "ಇವರು ಶಿಸ್ತಿನ ಸಿಪಾಯಿ" ಎಂಬ ಬಗೆಯ ಪತ್ರಕ್ಕೆ ಇಲ್ಲಿ ಬೆಲೆಯಿಲ್ಲ. ಹೊರಬಂದ ಮೇಲೆ ಅಂಥ ವಿವರ ತರಿಸಿಕೊಳ್ಳಲು ಒದ್ದಾಡಿದ ಗೆಳೆಯರನ್ನು ನಾನು ಕಂಡಿದ್ದೇನೆ.

ಪ್ರೊಪೆಲ್ಲರ್ ಕುರಿತ ಹದಿನೇಳನೇ ಮಾಡ್ಯೂಲ್ ಸಲೀಸಾಗಿ ಆಯಿತು. ಎಎನ್-32ರ ನಾಲ್ಕು ಬ್ಲೇಡಿನ ಪ್ರೊಪೆಲ್ಲರ್‌ಗಳ ಜೊತೆ ಅಷ್ಟು ವರ್ಷ ಬಾಳಿದವನಿಗೆ, ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಬಂದಿಳಿಯುವ ಎಟಿಆರ್-72 ಪ್ರಯಾಣಿಕ ವಿಮಾನದ ಆರು ಬ್ಲೇಡುಗಳೇನೂ ಪರಕೀಯವಲ್ಲ. ಹತ್ತನೇ ಮಾಡ್ಯೂಲಿನಲ್ಲಿ, ಅಂದರೆ ವಿಮಾನಯಾನ ಶಾಸನದಲ್ಲಿ, ಮೊದಲ ಸಲ ನಪಾಸಾದೆ. ಅಪ್ಪಣೆಯಂತೆ ನಡೆದು ಅಭ್ಯಾಸವಿದ್ದ ನನಗೆ, ಯಾವ ನಿಯಮ ಯಾರಿಗೆ ಯಾವ ಅಧಿಕಾರ ಕೊಡುತ್ತದೆ ಎಂದು ಓದಿ ತಿಳಿಯುವ ರೂಢಿಯೇ ಇರಲಿಲ್ಲ.

ಇನ್ನು ಪದವಿ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ.ಗೆ ಸೇರಿದೆ. ಬಿ.ಎಸ್ಸಿ. ಆದರೆ ಪ್ರಯೋಗಾಲಯಕ್ಕೆ ರಜೆ ಹೊಂದಿಸಬೇಕಾಗುತ್ತಿತ್ತು, ಮೇಲಾಗಿ ಲೈಸೆನ್ಸಿನ ಮಾಡ್ಯೂಲ್‌ಗಳಲ್ಲಿಯೇ ಭೌತಶಾಸ್ತ್ರ, ಗಣಿತ ಎರಡೂ ಇದ್ದವು. ಬಿ.ಕಾಂ. ಅಂದಾಗ ಹ್ಯಾಂಗರಿನಲ್ಲಿ ನಕ್ಕವರೇ ಹೆಚ್ಚು, ಆದರೆ ನನಗೆ ಕಾರಣವಿತ್ತು. ವಾಯುಪಡೆಯಲ್ಲಿದ್ದಷ್ಟು ಕಾಲವೂ ಹೈಡ್ರಾಲಿಕ್ ಪಂಪ್ ಒಂದರ ಬೆಲೆ ಎಷ್ಟೆಂದು ನಾನು ಕೇಳಿದವನಲ್ಲ. ಸ್ಟೋರಿಗೆ ಚೀಟಿ ಕೊಟ್ಟರೆ ಬರುತ್ತಿತ್ತು, ಇಲ್ಲದಿದ್ದರೆ ಕಾಯುತ್ತಿದ್ದೆವು. ಖಾಸಗಿ ಹ್ಯಾಂಗರಿನಲ್ಲಿ ನಿಂತ ವಿಮಾನದ ಪ್ರತಿ ಗಂಟೆಗೂ ಲೆಕ್ಕವಿದೆ, ದುರಸ್ತಿಗೆ ಹೊರಗೆ ಕಳಿಸಿದ ಬಿಡಿಭಾಗ ತಿರುಗಿ ಬರುವವರೆಗೂ ಹಣ ಸಿಕ್ಕಿಬಿದ್ದಿರುತ್ತದೆ. ವೆಚ್ಚ ಲೆಕ್ಕಶಾಸ್ತ್ರದ ಪಾಠ ಓದುವಾಗ ನನಗೆ ಕಾಣುತ್ತಿದ್ದುದು ನಮ್ಮ ಹ್ಯಾಂಗರಿನ ಕಪಾಟುಗಳೇ. ಸಂಪರ್ಕ ತರಗತಿಗಳಿಗೆ ಮಂಡ್ಯದಿಂದ ರೈಲಿನಲ್ಲಿ ಹೋಗುತ್ತಿದ್ದೆ. ಹೋಗುವಾಗ ಮಾಡ್ಯೂಲ್ ಪುಸ್ತಕ, ಬರುವಾಗ ನಿದ್ದೆ.

2025ರಲ್ಲಿ ಲೈಸೆನ್ಸ್, ಪದವಿ ಎರಡೂ ಕೈಸೇರಿದವು. ಎಟಿಆರ್‌ನ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೇ ಬೇಕಾದ ಅನುಮೋದನೆ, ಇನ್ನೂ ಆಗಿಲ್ಲ, ಅದಿಲ್ಲದೆ ಆ ವಿಮಾನವನ್ನು ಬಿಡುಗಡೆ ಮಾಡುವ ಸಹಿ ನನಗಿಲ್ಲ. ಆದರೆ ನಿರ್ವಹಣಾ ಯೋಜನೆಯ ವಿಭಾಗದಲ್ಲಿ ಪದವೀಧರರೇ ಬೇಕೆಂದು ಕೇಳಿದ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ, ಈ ಸಲ ಯಾರೂ ನನ್ನ ಕಾಗದವನ್ನು ತಿರುಗಿಸಿ ನೋಡಲಿಲ್ಲ. ಈಗ ಅಲ್ಲಿಯೇ ಇದ್ದೇನೆ.

ನನ್ನ ದಾರಿ ಎಲ್ಲರಿಗೂ ಹೊಂದುವುದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಅಗ್ನಿವೀರನಾಗಿ ವಾಯುಪಡೆಯಲ್ಲಿದ್ದಾನೆ. ನಾಲ್ಕು ವರ್ಷ ಮುಗಿಸಿ ಬರುವಾಗ ಅವನಿಗೆ 22. "ಅಣ್ಣ, ನಾನೂ ಬಿ.ಕಾಂ. ಮಾಡ್ಲಾ?" ಎಂದು ರಜೆಯಲ್ಲಿ ಕೇಳಿದ. ಬೇಡವೆಂದೆ. ನನಗೆ ಮುಚ್ಚಿದ್ದ, ವಾಯು ಸಂಚಾರ ನಿಯಂತ್ರಕರ ಹುದ್ದೆಯ 27ರ ಬಾಗಿಲು ಅವನಿಗೆ ಇನ್ನೂ ತೆರೆದಿದೆ; ಬಂದ ವರ್ಷವೇ ರೆಗ್ಯುಲರ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತದ ಬಿ.ಎಸ್ಸಿ.ಗೆ ಸೇರಿದರೆ 25ಕ್ಕೆ ಮುಗಿಯುತ್ತದೆ, ಆಮೇಲೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಎರಡು ವರ್ಷ. ಪಿಯುಸಿ ಗಣಿತದಲ್ಲಿ ಎಷ್ಟು ಬಂದಿತ್ತು, ಅಂಕಪಟ್ಟಿ ತಂದು ತೋರಿಸು ಎಂದಿದ್ದೆ. ರಜೆ ಮುಗಿಸಿ ಹೋದವನು ಇನ್ನೂ ತೋರಿಸಿಲ್ಲ.