ಕರೆಂಟ್ ದರ ವಿಚಾರಣೆಯಲ್ಲಿ ಐಪಿ ಸೆಟ್ ಲೆಕ್ಕ ಕೇಳಿದ್ದು: ನನ್ನ ಅನುಭವ

ನಾನು ಸಣ್ಣದೊಂದು ಅಕ್ಕಿ ಗಿರಣಿ ನಡೆಸುತ್ತೇನೆ, ವಕೀಲನಲ್ಲ. ಆದರೂ ಕೆಇಆರ್‌ಸಿ, ಅಂದರೆ ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ, ಕರೆಂಟ್ ದರ ಏರಿಕೆಗೆ ನನ್ನ ಆಕ್ಷೇಪಣೆ ನಾನೇ ಬರೆದು, ನಾನೇ ಮಂಡಿಸಿದೆ. ವಿತರಣಾ ಕಂಪನಿ ತನ್ನಿಷ್ಟದಂತೆ ದರ ಏರಿಸುವ ಹಾಗಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಅದು ತನ್ನ ಅರ್ಜಿಯ ಸಾರಾಂಶ ಪ್ರಕಟಿಸಬೇಕು. ಜನರ ಆಕ್ಷೇಪಣೆ ಪರಿಶೀಲಿಸಿದ ಮೇಲೆಯೇ ಆಯೋಗದ ಆದೇಶ ಬರಬೇಕು, ಅದಕ್ಕೆ 120 ದಿನಗಳ ಗಡುವು.

ವಿಚಾರಣೆಗೆ ಬಂದವರಲ್ಲಿ ಹೆಚ್ಚಿನವರು "ದರ ಏರಿಸಬೇಡಿ" ಎಂದಷ್ಟೇ ಹೇಳುತ್ತಾರೆ. ಅವರ ಸಂಕಟ ನಿಜ. ಆದರೆ ಆಯೋಗ ತೀರ್ಮಾನ ಮಾಡುವುದು ಲೆಕ್ಕದ ಮೇಲೆ. ಹಾಗಾಗಿ ಕಂಪನಿಯ ಅರ್ಜಿಯಲ್ಲಿ ನಾನು ಹಿಡಿದದ್ದು ಒಂದೇ ಕೋಷ್ಟಕ: ಐಪಿ ಸೆಟ್‌ಗಳ, ಅಂದರೆ ನೀರಾವರಿ ಪಂಪ್‌ಸೆಟ್‌ಗಳ ಬಳಕೆ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ರೈತರಿಗೆ ಅದು ಸಿಗಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ. ಎಷ್ಟು ಯೂನಿಟ್ ಓಡಿತು ಅನ್ನುವುದು ಅಂದಾಜು. ಕಂಪನಿ 100 ಯೂನಿಟ್ ಕೊಂಡಿತು, ಮೀಟರ್ ಇರುವ ಗ್ರಾಹಕರಿಗೆ 55 ಮಾರಿತು ಅಂದುಕೊಳ್ಳಿ. ಐಪಿ ಸೆಟ್‌ಗೆ 33 ಎಂದು ಬರೆದರೆ ನಷ್ಟ, ಅಂದರೆ ದಾರಿಯಲ್ಲಿ ಲೆಕ್ಕ ತಪ್ಪಿ ಹೋದದ್ದು, 12. ನಿಜವಾಗಿ ಹೋಗಿದ್ದು 28 ಆಗಿದ್ದರೆ ನಷ್ಟ 17. ವಿತರಣಾ ನಷ್ಟಕ್ಕೆ ಆಯೋಗ ಮಿತಿ ಹಾಕಿರುತ್ತದೆ. ಅಂದಾಜು ಹಿಗ್ಗಿದರೆ ನಷ್ಟ ಆ ಮಿತಿಯೊಳಗೇ ಇದ್ದಂತೆ ಕಾಣುತ್ತದೆ, ಸೋರಿಕೆಯೂ ಕಳ್ಳತನವೂ ರೈತನ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಸಬ್ಸಿಡಿ ಕೊಡುವ ಸರ್ಕಾರಕ್ಕೂ ಹೊರೆ, ನಮಗೂ ಹೊರೆ. ನನಗೆ ಸಿಟ್ಟು ಬಂದದ್ದು ಇಲ್ಲೇ.

ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿ ಮನೆಗಳ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದ ಕಡೆ, ಸಬ್‌ಸ್ಟೇಷನ್‌ನಲ್ಲೇ ಪಂಪ್‌ಸೆಟ್‌ನ ರೀಡಿಂಗ್ ಸಿಗುತ್ತದೆ. ನಮ್ಮ ಭಾಗದ ಫೀಡರ್‌ಗಳ ತಿಂಗಳವಾರು ರೀಡಿಂಗ್ ಕೇಳಿ ಆರ್‌ಟಿಐ ಹಾಕಿದೆ. 10 ರೂಪಾಯಿ ಶುಲ್ಕ, ಅಷ್ಟೇ. ಉತ್ತರಕ್ಕೆ 30 ದಿನ ಬೇಕಾಗಬಹುದು. ಪತ್ರಿಕೆಯಲ್ಲಿ ಪ್ರಕಟಣೆ ಬಂದಮೇಲೆ ಹಾಕಿದರೆ ಆಕ್ಷೇಪಣೆಯ ಗಡುವೇ ಮುಗಿದುಹೋಗುತ್ತದೆ. ಅದಕ್ಕೇ ದೀಪಾವಳಿಗೂ ಮೊದಲೇ ಹಾಕಿಟ್ಟಿದ್ದೆ.

ಬಂದ ಹಾಳೆಗಳನ್ನು ಅರ್ಜಿಯ ಪಕ್ಕ ಇಟ್ಟು ನೋಡಿದೆ. ಫೀಡರ್ ರೀಡಿಂಗ್ ಆಷಾಢ, ಶ್ರಾವಣದಲ್ಲಿ ಚೆನ್ನಾಗಿ ಇಳಿದಿತ್ತು. ಗದ್ದೆಯಲ್ಲಿ ನೀರು ನಿಂತಿರುವಾಗ ಮೋಟಾರ್ ಯಾರು ಹಾಕುತ್ತಾರೆ, ಅಲ್ವಾ? ಅರ್ಜಿಯ ಕೋಷ್ಟಕದಲ್ಲಿ ಮಾತ್ರ ಒಂದು ಸೆಟ್‌ಗೆ ಇಷ್ಟು ಯೂನಿಟ್ ಅನ್ನುವ ಅಂಕಿ ಮಳೆಗಾಲದಲ್ಲೂ ಬೇಸಿಗೆಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಆಕ್ಷೇಪಣೆಯಲ್ಲಿ ಭಾಷಣ ಬರೆಯಲಿಲ್ಲ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಕೂರಿಸಿದೆ. ಫೀಡರ್ ರೀಡಿಂಗ್ ಆಧಾರದ ಮೇಲೆ ಬಳಕೆಯನ್ನು ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವನ್ನು ನಷ್ಟದಲ್ಲಿ ತೋರಿಸಿ ಎಂದು ಕೇಳಿದೆ. ಜೊತೆಗೆ ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್). ಆಯೋಗಕ್ಕೆ ಒಂದು ಪ್ರತಿ, ಕಂಪನಿಗೊಂದು. ಕನ್ನಡದಲ್ಲೇ ಬರೆದೆ, ಯಾರೂ ತಕರಾರು ಮಾಡಲಿಲ್ಲ.

ವಿಚಾರಣೆಯ ದಿನ ಸಿಕ್ಕಿದ್ದು ಕೆಲವೇ ನಿಮಿಷ. ನಾನು ಕೋಷ್ಟಕದ ಪುಟ ಸಂಖ್ಯೆ ಹೇಳಿದ ಕೂಡಲೇ ಸದಸ್ಯರು ಆ ಪುಟ ತೆಗೆದು, ಕಂಪನಿಯ ಅಧಿಕಾರಿಯನ್ನು ನೇರವಾಗಿ ಕೇಳಿದರು. ಮಾದರಿ ಫೀಡರ್‌ಗಳ ಸರಾಸರಿ ಹಾಕಿದ್ದೇವೆ ಎಂಬ ಉತ್ತರ ಬಂತು.

ಆದೇಶದಲ್ಲಿ ನನ್ನ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗಿದ್ದವು. ದರ ಏರಿತು, ಕೇಳಿದಷ್ಟು ಏರಲಿಲ್ಲ. ಅದು ನನ್ನೊಬ್ಬನಿಂದ ಆದದ್ದಲ್ಲ. ನನಗೆ ಮುಖ್ಯವಾದದ್ದು ಇನ್ನೊಂದು ಸಾಲು: ಫೀಡರ್‌ವಾರು ಲೆಕ್ಕ ಸಲ್ಲಿಸಿ ಎಂದು ಆಯೋಗ ಕಂಪನಿಗೆ ಸೂಚಿಸಿತ್ತು. ಆದೇಶ ಒಪ್ಪದಿದ್ದರೆ 45 ದಿನದೊಳಗೆ ದೆಹಲಿಯ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆ ಖರ್ಚು ನನ್ನ ಕೈಲಾಗದು. ಬದಲಿಗೆ, ಆ ಸೂಚನೆಯಂತೆ ಸಲ್ಲಿಸಿದ ಲೆಕ್ಕದ ಪ್ರತಿ ಕೊಡಿ ಎಂದು ಮತ್ತೊಂದು ಆರ್‌ಟಿಐ ಹಾಕಿದ್ದೇನೆ.