ಮೆಟ್ಟಿಲ ಬಲ್ಬು ಮತ್ತು ಮೇಲೆ ಹೋಗುವ ವಿಮಾನ

ವಿಜಯಪುರದಲ್ಲಿ ನಮ್ಮ ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತದೆ. ಏರುವ, ಇಳಿಯುವ ವಿಮಾನ ಮಾತ್ರ ಒಂದೂ ಕಾಣುವುದಿಲ್ಲ. ಆದರೂ ತಲೆಯ ಮೇಲೆ ವಿಮಾನಗಳಿಗೆ ಬರವಿಲ್ಲ. ನಕ್ಷೆಯಲ್ಲಿ ಮುಂಬೈಯಿಂದ ಚೆನ್ನೈಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ, ಅದು ನಮ್ಮೂರಿನ ಹತ್ತಿರವೇ ಹಾಯುತ್ತದೆ. ಗೋವಾದಿಂದ ಹೈದರಾಬಾದಿಗೆ ಎಳೆದ ಗೆರೆಯೂ ತೀರ ದೂರವಿಲ್ಲ.

ಪೈಲಟ್ ಮೈಕಿನಲ್ಲಿ ಮಾತಾಡುವುದು ಒಂದು ಕಡೆ. ಅದಲ್ಲದೆ ವಿಮಾನ ತಾನೇ ಚಿಕ್ಕ ಚಿಕ್ಕ ಸಂದೇಶ ಕಳಿಸುತ್ತಿರುತ್ತದೆ. ಗೇಟು ಬಿಟ್ಟದ್ದು ಎಷ್ಟು ಹೊತ್ತಿಗೆ, ನೆಲ ಬಿಟ್ಟದ್ದು ಎಷ್ಟು ಹೊತ್ತಿಗೆ, ಇಂಜಿನ್ ಹೇಗಿದೆ, ಹೊರಗೆ ಗಾಳಿ ಎಷ್ಟಿದೆ, ಹೀಗೆ. ಇದಕ್ಕೆ ಏಕಾರ್ಸ್ ಎನ್ನುತ್ತಾರೆ. 1978ರಲ್ಲಿ ಶುರುವಾದ ಪದ್ಧತಿ. ವೇಗ ಸೆಕೆಂಡಿಗೆ 2400 ಬಿಟ್, ಒಂದು ತುಂಡಿನಲ್ಲಿ ಹೆಚ್ಚೆಂದರೆ 220 ಅಕ್ಷರ. ಇವತ್ತಿನ ಲೆಕ್ಕದಲ್ಲಿ ಎತ್ತಿನ ಗಾಡಿಯೇ. ಆದರೆ ಇನ್ನೂ ಓಡುತ್ತಿದೆ. ಇದನ್ನು ಹಿಡಿದು ಏರ್‌ಫ್ರೇಮ್ಸ್ ಎಂಬ ಹವ್ಯಾಸಿಗಳ ಜಾಲಕ್ಕೆ ಕಳಿಸುವುದು ನನ್ನ ಆಸೆಯಾಗಿತ್ತು.

ಸಾಮಾನು ಜಾಸ್ತಿ ಬೇಕಿಲ್ಲ. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಚ್ಚುವ ಚಿಕ್ಕ ರೇಡಿಯೊ ರಿಸೀವರ್), ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಮೊದಲ ದಿನ ಎರಡು ತಾಸು ಹಾಳಾದದ್ದು ಒಂದೇ ಕಾರಣಕ್ಕೆ. ಈ ಡಾಂಗಲ್ ಮೂಲತಃ ಟಿವಿ ನೋಡಲು ಮಾಡಿದ್ದು. ಹಚ್ಚಿದ ಕೂಡಲೇ ಲಿನಕ್ಸ್ ಅದನ್ನು ಟಿವಿ ಅಂತಲೇ ಹಿಡಿದುಕೊಂಡು ಕೂರುತ್ತದೆ, ಬೇರೆ ಪ್ರೋಗ್ರಾಂಗೆ ಬಿಟ್ಟುಕೊಡುವುದಿಲ್ಲ. ಆ ಟಿವಿ ಡ್ರೈವರ್ ಅನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಈ ಸಂದೇಶಗಳನ್ನು ಬಿಡಿಸಿ ಓದುವ ಏಕಾರ್ಸ್‌ಡೆಕ್ ಎಂಬ ಪ್ರೋಗ್ರಾಂ ಓಡಿತು. ಏಕಾರ್ಸ್ ಬರುವ 131.550 ಮೆಗಾಹರ್ಟ್ಸ್‌ಗೆ ಇಟ್ಟೆ. ಡಾಂಗಲ್ ಜೊತೆ ಬಂದ ಗೇಣುದ್ದದ ಆಂಟೆನಾ ಕಿಟಕಿಯಲ್ಲಿತ್ತು. ಸಂಜೆವರೆಗೆ ಬಂದದ್ದು ಐದೇ ಸಂದೇಶ. ಐದನೆಯದು ಅರ್ಧ ಹರಿದಿತ್ತು.

ಆಂಟೆನಾ ನಾನೇ ಮಾಡಿದೆ. ದಪ್ಪ ಅಲ್ಯೂಮಿನಿಯಂ ತಂತಿಯ ಎರಡು ತುಂಡು, ಒಂದೊಂದು 54 ಸೆಂಟಿಮೀಟರ್. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಪಿವಿಸಿ ಪೈಪಿಗೆ ಕಟ್ಟಿದೆ. ಅಡ್ಡ ಕಟ್ಟಬಾರದು. ವಿಮಾನದ ಈ ರೇಡಿಯೊ ಅಲೆ ನೆಟ್ಟಗೆ ನಿಂತು ಬರುತ್ತದೆ, ಆಂಟೆನಾವೂ ನೆಟ್ಟಗೇ ನಿಲ್ಲಬೇಕು. ಕೇಬಲ್ ಹಳೆಯ ಡಿಶ್ ಟಿವಿಯದು. ಅದರ ವಿದ್ಯುತ್ ತಡೆ (ಇಂಪೀಡೆನ್ಸ್) 75 ಓಮ್, ಇಂಥ ಆಂಟೆನಾದ್ದು ಕೂಡ ಸುಮಾರು 73 ಓಮ್, ಚೆನ್ನಾಗಿಯೇ ಹೊಂದುತ್ತದೆ. ಕೇಬಲನ್ನು ಪೈಪಿಗೆ ಅಂಟಿಸಿ ಕೆಳಗೆ ಇಳಿಸಬೇಡಿ, ಅರ್ಧ ಮೀಟರಾದರೂ ಅಡ್ಡ ಎಳೆದು ಆಮೇಲೆ ಇಳಿಸಿ.

ಪಕ್ಕದ ಮನೆಯ ಕಾಕಾ ಗೋಡೆಯ ಆ ಕಡೆಯಿಂದ ನೋಡುತ್ತಿದ್ದರು. "ಏನ್ ತಮ್ಮಾ, ಮತ್ತ ದೂರದರ್ಶನ ನೋಡವಾ ಏನ?" ಎಂದರು. ವಿಮಾನದ ಸಂದೇಶ ಎಂದೆ. "ಅವು ಇಲ್ಲಿಗೆ ಕೇಳಸ್ತಾವೇನು?" ಎಂದು ಮೇಲೆ ನೋಡಿದರು. 35 ಸಾವಿರ ಅಡಿ ಎತ್ತರದಲ್ಲಿದ್ದರೆ 400 ಕಿಲೋಮೀಟರ್ ಆಚೆಯದೂ ಕೇಳಬಹುದು, ನಡುವೆ ಗುಡ್ಡ ಇರಬಾರದು ಅಷ್ಟೇ. ನಮ್ಮ ಬಯಲುಸೀಮೆಯಲ್ಲಿ ಗುಡ್ಡ ಎಲ್ಲಿದೆ?

ಇಷ್ಟೆಲ್ಲ ಮಾಡಿದರೂ ತಾಸಿಗೆ ಇಪ್ಪತ್ತು ಸಂದೇಶ ದಾಟಲಿಲ್ಲ. ಗೇನ್, ಅಂದರೆ ಬಂದ ಸಂಕೇತವನ್ನು ಡಾಂಗಲ್ ಹಿಗ್ಗಿಸುವ ಪ್ರಮಾಣ, ಪೂರ್ತಿ 49.6ಕ್ಕೆ ಏರಿಸಿದೆ, ಇನ್ನೂ ಕಡಿಮೆಯಾಯಿತು! ಊರಿನ ಎಫ್‌ಎಂನ ಅಬ್ಬರಕ್ಕೆ ಡಾಂಗಲ್ ಕಿವುಡಾಗುತ್ತಿತ್ತು ಅನಿಸುತ್ತದೆ. 37.2ಕ್ಕೆ ಇಳಿಸಿದೆ, ಸ್ವಲ್ಪ ಸರಿಹೋಯಿತು. ದುಬಾರಿ ಆಂಟೆನಾ ತರಿಸಬೇಕೇನೋ ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ಒಂದು ರಾತ್ರಿ ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ರಿಪೇರಿಗೆ ಹೋಗಿತ್ತು, ಮನೆಯೆಲ್ಲ ಕತ್ತಲು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ನೋಡುತ್ತೇನೆ, ಪರದೆಯ ಮೇಲೆ ಸಾಲುಗಳು ದಬದಬ ಬೀಳುತ್ತಿವೆ. ರೌಟರ್ ಸತ್ತಿದ್ದರಿಂದ ಒಂದೂ ಹೊರಗೆ ಹೋಗುತ್ತಿಲ್ಲ, ಅದು ಬೇರೆ ಮಾತು. ಅರ್ಧ ತಾಸಿನಲ್ಲಿ ನಲವತ್ತು ದಾಟಿತು. ಕರೆಂಟ್ ಬಂತು, ಮತ್ತೆ ಸುಮ್ಮನಾಯಿತು. ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ, ಅಲ್ವಾ?

ಮರುದಿನ ಒಂದೊಂದೇ ಎಂಸಿಬಿ ಇಳಿಸುತ್ತ ಹೋದೆ. ಅವ್ವ ಬೈದಳು, "ಫ್ರಿಜ್ಜಿನ್ಯಾಗ ಹಾಲೈತಿ, ಏನ್ ಮಾಡಾಕತ್ತಿ?" ಫ್ರಿಜ್ ತಪ್ಪಿತಸ್ಥ ಅಲ್ಲ. ಫ್ಯಾನೂ ಅಲ್ಲ. ಮೆಟ್ಟಿಲ ಮೇಲಿನ ಅಗ್ಗದ ಎಲ್‌ಇಡಿ ಬಲ್ಬು, ಮತ್ತೆ ಕ್ಯಾಮೆರಾದ ಅಡಾಪ್ಟರ್! ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ. ಅಗ್ಗದ ಬಲ್ಬಿನಲ್ಲಿ ಆ ಗದ್ದಲ ತಡೆಯುವ ಫಿಲ್ಟರನ್ನೇ ಬಿಟ್ಟಿರುತ್ತಾರೆ. ಮನೆಯ ವೈರಿಂಗೇ ಅದಕ್ಕೆ ಆಂಟೆನಾ. ಬಲ್ಬು ಬದಲಿಸಿದೆ. ಅಡಾಪ್ಟರ್ ವೈರನ್ನು ಇಂಥ ಗದ್ದಲ ತಡೆಯುವ ಫೆರೈಟ್ ಉಂಗುರಕ್ಕೆ ಐದು ಸುತ್ತು ಸುತ್ತಿದೆ. ಅಲ್ಲಿಂದ ತಾಸಿಗೆ ಎಂಬತ್ತು, ಕೆಲವೊಮ್ಮೆ ನೂರು. ಖರ್ಚು ಮುನ್ನೂರು ರೂಪಾಯಿಯೂ ಆಗಲಿಲ್ಲ. ಹಾಗಾಗಿ ಯಾರಾದರೂ ಮೊದಲು ಯಾವ ಆಂಟೆನಾ ಕೊಳ್ಳಲಿ ಎಂದು ಕೇಳಿದರೆ, ಮೊದಲು ಮೇನ್ ಸ್ವಿಚ್ ಇಳಿಸಿ ನೋಡಿ ಎನ್ನುತ್ತೇನೆ.

ಈಗ ಲ್ಯಾಪ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಮೊದಲು ಅದನ್ನು ತಗಡಿನ ಡಬ್ಬಿಯಲ್ಲಿಟ್ಟು ಮಾಳಿಗೆ ಮೇಲೆ ಇಟ್ಟಿದ್ದೆ. ನಮ್ಮೂರ ಮೇ ತಿಂಗಳು ಗೊತ್ತಲ್ಲ? ಒಳಗಿನ ಚಿಪ್ 80 ಡಿಗ್ರಿ ಮುಟ್ಟಿತೆಂದರೆ ಪೈ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಕೆಳಗಿನ ಕೋಣೆಗೆ ತಂದೆ. ರೋಹಿಣಿ ಮಳೆಯ ಗುಡುಗು ಕೇಳಿಸಿದರೆ ಕೇಬಲ್ ಕಿತ್ತು ಬಿಡುತ್ತೇನೆ. ಎರಡನೇ ಡಾಂಗಲ್ ಕೂಡ ಹಾಕಿದ್ದೇನೆ, 136.975 ಮೆಗಾಹರ್ಟ್ಸ್‌ನಲ್ಲಿ ಬರುವ ಹೊಸ ಪದ್ಧತಿಗೆ. ಅದು ಸೆಕೆಂಡಿಗೆ 31,500 ಬಿಟ್. ಒಂದು ಡಾಂಗಲ್ ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಸ್ ಅಗಲ ಮಾತ್ರ ನೋಡಬಲ್ಲದು, ಎರಡೂ ಕಡೆ ಒಂದರಿಂದಲೇ ಆಗುವುದಿಲ್ಲ.

ನಮಗೆ ಕೇಳುವುದು ವಿಮಾನದ ಮಾತು ಮಾತ್ರ. ನೆಲದಿಂದ ಹೋಗುವ ಉತ್ತರ ಇಷ್ಟು ದೂರಕ್ಕೆ ತಲುಪುವುದಿಲ್ಲ. ಫೋನಿನಲ್ಲಿ ಮಾತಾಡುವವರ ಪಕ್ಕ ಕೂತ ಹಾಗೆ. ಒಮ್ಮೊಮ್ಮೆ ಸಿಬ್ಬಂದಿ ಕೈಯಾರೆ ಟೈಪ್ ಮಾಡಿದ ಸಾಲೂ ಬರುತ್ತದೆ. ಅಂಥದ್ದನ್ನು ವಾಟ್ಸಾಪ್ ಗುಂಪಿಗೆ ಹಾಕುವ ಚಟ ನನಗಿಲ್ಲ.

ಒಂದು ತೊಂದರೆ ಮಾತ್ರ ಉಳಿದಿದೆ. ನಮ್ಮ ಪೈ, ರೌಟರ್ ಎರಡಕ್ಕೂ ಬ್ಯಾಟರಿ ಹಾಕಿದ್ದೇನೆ, ಕರೆಂಟ್ ಹೋದರೂ ನಡೆಯುತ್ತವೆ. ಆದರೆ ಈಗ ಕರೆಂಟ್ ಹೋದ ಕೂಡಲೇ ಸಂದೇಶ ತಾಸಿಗೆ ಹತ್ತಕ್ಕೆ ಇಳಿಯುತ್ತದೆ. ಕಾಕಾ ಮನೆಗೆ ಹೊಸ ಇನ್ವರ್ಟರ್ ಬಂದಿದೆ. ಅವರಿಗೆಂದು ತಂದ ಎರಡು ಫೆರೈಟ್ ಉಂಗುರ ಮೇಜಿನ ಮೇಲಿವೆ. ಹೇಗೆ ಕೇಳುವುದು ಎಂದು ಇನ್ನೂ ಹೊಳೆದಿಲ್ಲ.